ಮೈನಸ್ ಮೊದಲೋ, ಅಂಕಿ ಮೊದಲೋ? ಕ್ಯಾಲ್ಕುಲೇಟರಿನಲ್ಲಿ ಋಣ ಸಂಖ್ಯೆ: ಪದೇ ಪದೇ ಕೇಳುವ ಪ್ರಶ್ನೆಗಳು

ಡೊಂಬಿವಲಿಯ ನಮ್ಮ ಮನೆಯ ಹೊರಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ಲೆಕ್ಕದ ಪಾಠ ನಡೆಯುತ್ತದೆ. ಹೋಟೆಲಿನ ಗಲ್ಲೆಯ ಮೇಲೆ ಕೂರುವ ಹುಡುಗರು, ಸಿಎ ಓದುವವರು, ಹನ್ನೆರಡನೆಯ ತರಗತಿಯ ಮಕ್ಕಳು, ಕ್ಯಾಟರಿಂಗ್ ವ್ಯವಹಾರದ ಒಬ್ಬಿಬ್ಬರು ಗೃಹಿಣಿಯರು, ಹೀಗೆ ತರಹೇವಾರಿ ಜನ ಬರುತ್ತಾರೆ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಯಂತ್ರ. ಆದರೆ ಎಲ್ಲರೂ ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ: "ಇದರಲ್ಲಿ ಮೈನಸ್ ಐದು ಒತ್ತುವುದು ಹೇಗೆ?" ಯಂತ್ರಕ್ಕೊಂದು ಉತ್ತರ ಹೇಳಿ ಹೇಳಿ ಗಂಟಲು ಒಣಗಿದ್ದರಿಂದ ಬರೆದೇ ಇಡುತ್ತಿದ್ದೇನೆ.

ಕಳೆಯುವ ಗುಂಡಿ ಇದ್ದೇ ಇದೆ. ಋಣ ಸಂಖ್ಯೆಗೆ ಇನ್ನೊಂದು ಗುಂಡಿ ಏಕೆ ಬೇಕು?

ಕಾಗದದ ಮೇಲೆ ಎರಡಕ್ಕೂ ಅದೇ ಅಡ್ಡಗೀಟು. ಆದರೆ "ಹತ್ತರಲ್ಲಿ ಐದು ಕಳೆ" ಎನ್ನುವಾಗ ಆ ಗೀಟು ಒಂದು ಕೆಲಸವನ್ನು ಹೇಳುತ್ತದೆ, ಅದಕ್ಕೆ ಎಡಕ್ಕೊಂದು ಬಲಕ್ಕೊಂದು ಸಂಖ್ಯೆ ಬೇಕು. "ಋಣ ಐದು" ಎನ್ನುವಾಗ ಅದು ಆ ಒಂದು ಸಂಖ್ಯೆಯ ಸ್ವಭಾವ. 628ರಲ್ಲಿ ಬ್ರಹ್ಮಗುಪ್ತ ಇಂಥ ಸಂಖ್ಯೆಗಳ ನಿಯಮಗಳನ್ನು ಬರೆದಾಗ ಧನ, ಋಣ ಎಂಬ ಪದಗಳನ್ನೇ ಬಳಸಿದ್ದ. ಋಣವೆಂದರೆ ಸಾಲ. ಜೇಬಿನಿಂದ ಐದು ರೂಪಾಯಿ ತೆಗೆಯುವುದು ಬೇರೆ, ಐದು ರೂಪಾಯಿ ಸಾಲಗಾರನಾಗಿರುವುದು ಬೇರೆ.

ಇಲ್ಲಿ ಮುಂಬಯಿಯಲ್ಲಿ ನಮಗೊಂದು ಅನುಕೂಲವಿದೆ. ಮರಾಠಿಯಲ್ಲಿ ಓದುವ ಮಕ್ಕಳು ಕಳೆಯುವುದಕ್ಕೆ "ವಜಾ" ಎನ್ನುತ್ತಾರೆ, ಋಣ ಸಂಖ್ಯೆಗೆ "ಉಣೆ ಪಾಚ್" ಎನ್ನುತ್ತಾರೆ. ನಾವು ಕನ್ನಡಿಗರು ಮಾತಿನಲ್ಲಿ ಎರಡಕ್ಕೂ "ಮೈನಸ್" ಎಂದುಬಿಟ್ಟು ಗೊಂದಲ ತಂದುಕೊಂಡಿದ್ದೇವೆ. ಸೈಂಟಿಫಿಕ್ ಕ್ಯಾಲ್ಕುಲೇಟರ್ ಮರಾಠಿಯ ಪಕ್ಷ: − ಗುಂಡಿ ವಜಾ, ಆವರಣದೊಳಗಿನ (−) ಗುಂಡಿ ಉಣೆ. ಹೀಗೆ ಹೇಳಿದ ಮೇಲೆ ನನ್ನ ಶಿಷ್ಯರಲ್ಲಿ ಯಾರೂ ಇವೆರಡನ್ನು ಅದಲುಬದಲು ಮಾಡಿಲ್ಲ.

ಮೇಜಿನ ಮೇಲಿಡುವ 12 ಅಂಕಿಯ ಕ್ಯಾಲ್ಕುಲೇಟರಿನಲ್ಲಿ +/− ಎಂಬ ಗುಂಡಿ ಇದೆ. ಮೊದಲು ಅದನ್ನೇ ಒತ್ತಬೇಕೇ?

ಬೇಡ. ಮೊದಲು ಅಂಕಿ, ಆಮೇಲೆ ಚಿಹ್ನೆ. 5 ಒತ್ತಿ, +/− ಒತ್ತಿ, ತೆರೆಯ ಮೇಲೆ −5 ಬರುತ್ತದೆ. ಇನ್ನೊಮ್ಮೆ ಒತ್ತಿದರೆ ಮತ್ತೆ 5. ತೆರೆಯ ಮೇಲೆ ಏನಿದೆಯೋ ಅದರ ಚಿಹ್ನೆಯನ್ನು ಮಗುಚುವುದಷ್ಟೇ ಆ ಗುಂಡಿಯ ಕೆಲಸ. ಖಾಲಿ ಬಾಣಲೆಯಲ್ಲಿ ದೋಸೆ ಮಗುಚಲು ಹೊರಟರೆ ಏನು ಸಿಗುತ್ತದೆ?

6 × (−4) ಬೇಕಾದರೆ 6, ×, 4, +/−, = ಎಂಬ ಕ್ರಮ. ಉತ್ತರ −24. 10ರಿಂದ −3 ಕಳೆಯಬೇಕಾದರೆ 10, −, 3, +/−, =. ಉತ್ತರ 13. ನಡುವೆ ಎಲ್ಲಾದರೂ ಅಂಕಿಗಿಂತ ಮೊದಲೇ +/− ಒತ್ತಿದರೆ, ಹಲವು ಯಂತ್ರಗಳು ಹಿಂದಿನ ಅಂಕಿಯ ಚಿಹ್ನೆ ಮಗುಚಿ, ಹೊಸ ಅಂಕಿ ಬಂದ ಕೂಡಲೇ ಅದನ್ನು ಮರೆತುಬಿಡುತ್ತವೆ. ಯಂತ್ರ ತಪ್ಪು ಎಂದು ಕೂಗುವುದಿಲ್ಲ, 24 ಎಂದು ತೋರಿಸಿ ಸುಮ್ಮನಿರುತ್ತದೆ.

ನನ್ನ ಯಂತ್ರದಲ್ಲಿ +/− ಗುಂಡಿಯೇ ಇಲ್ಲ. ಏನು ಮಾಡಲಿ?

ಲೆಕ್ಕದ ಮೊದಲ ಸಂಖ್ಯೆಯೇ ಋಣವಾಗಿದ್ದರೆ ಚಿಂತೆಯಿಲ್ಲ. ತೆರೆಯ ಮೇಲೆ ಮೊದಲೇ 0 ಇದೆ, ಆದ್ದರಿಂದ −, 5 ಎಂದು ಒತ್ತಿದರೆ ಯಂತ್ರ ಅದನ್ನು 0 − 5 ಎಂದು ಓದುತ್ತದೆ. −, 5, +, 8, = ಎಂದರೆ 3.

ನಡುವೆ ಬಂದಾಗ ಮಾತ್ರ ಎಚ್ಚರ. 6, ×, −, 4, = ಎಂದು ಒತ್ತಿ ನೋಡಿ. ಬರುವುದು −24 ಅಲ್ಲ, 2. ಒಂದರ ಹಿಂದೊಂದು ಎರಡು ಕ್ರಿಯೆಗಳನ್ನು ಒತ್ತಿದರೆ ಸಾದಾ ಯಂತ್ರ "ಮನಸ್ಸು ಬದಲಾಯಿಸಿದ್ದಾರೆ" ಎಂದುಕೊಂಡು ಕೊನೆಯದನ್ನೇ ಉಳಿಸಿಕೊಳ್ಳುತ್ತದೆ. ಗುಣಾಕಾರ ಹೋಗಿ ವ್ಯವಕಲನವಾಗುತ್ತದೆ. ನನ್ನ ಅನುಭವದಲ್ಲಿ ಅತಿ ಹೆಚ್ಚು ಜನ ಬೀಳುವ ಹೊಂಡ ಇದೇ.

ಇದಕ್ಕೆ ಮೆಮೊರಿ ಗುಂಡಿಗಳಲ್ಲಿ ಉಪಾಯವಿದೆ. ಮೊದಲು ಮೆಮೊರಿ ಖಾಲಿ ಮಾಡಿ. 4 ಒತ್ತಿ, ಎಂ− (ಮೆಮೊರಿಯಿಂದ ಕಳೆಯುವ ಗುಂಡಿ) ಒತ್ತಿ. ಸೊನ್ನೆಯಿದ್ದ ಮೆಮೊರಿಯಲ್ಲಿ ಈಗ −4 ಕುಳಿತಿದೆ. ಬಳಿಕ 6, ×, ಎಂಆರ್ (ಮೆಮೊರಿಯಲ್ಲಿದ್ದದ್ದನ್ನು ತೆರೆಗೆ ತರುವ ಗುಂಡಿ), =. ಉತ್ತರ −24. ಅಷ್ಟು ಪುರುಸೊತ್ತಿಲ್ಲದಿದ್ದರೆ 6 × 4 ಮಾಡಿ, ಚಿಹ್ನೆಯನ್ನು ನಿಮ್ಮ ತಲೆಯಲ್ಲಿಟ್ಟುಕೊಳ್ಳಿ. ಗುಣಾಕಾರ, ಭಾಗಾಕಾರಗಳಿಗೆ ಅದು ಸಾಕು.

ಸಿಎ ಪರೀಕ್ಷೆಗೆ ಸೈಂಟಿಫಿಕ್ ಒಯ್ಯಬಹುದೇ?

ಇಲ್ಲ. 12 ಅಂಕಿ, 6 ಫಂಕ್ಷನ್, 2 ಮೆಮೊರಿಗಳವರೆಗಿನ ಸಾದಾ ಕ್ಯಾಲ್ಕುಲೇಟರಿಗೆ ಮಾತ್ರ ಅನುಮತಿ. ಹಾಗಾಗಿ ಮೇಲಿನ ಎರಡು ಉತ್ತರಗಳನ್ನು ಸಿಎ ವಿದ್ಯಾರ್ಥಿಗಳು ಬೆರಳಿಗೆ ರೂಢಿ ಮಾಡಿಕೊಳ್ಳಬೇಕು.

ಋಣ ಉತ್ತರ ಬಂದಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ? ಗೀಟು ಕಾಣಿಸುವುದೇ ಇಲ್ಲ.

ಕಾಣಿಸುತ್ತದೆ, ಆದರೆ ನೀವು ನೋಡುವ ಜಾಗದಲ್ಲಿ ಅಲ್ಲ. ಅಂಕಿಗಳು ಬಲಕ್ಕೆ ಒತ್ತಿಕೊಂಡು ನಿಂತಿರುತ್ತವೆ. ಕೆಲವು ಯಂತ್ರಗಳಲ್ಲಿ ಮೈನಸ್ ಗೀಟು ಎಡ ಅಂಚಿನಲ್ಲಿ, ಮೆಮೊರಿಯ ಗುರುತಿನ ಪಕ್ಕದಲ್ಲಿ, ಜಗಳವಾಡಿದ ದಾಯಾದಿಯಂತೆ ದೂರ ನಿಂತಿರುತ್ತದೆ.

ಇದರಿಂದ ನಾನೇ ಒಮ್ಮೆ ಮುಖಭಂಗ ಅನುಭವಿಸಿದ್ದೇನೆ. ಪರಿಚಿತರ ಕ್ಯಾಟರಿಂಗ್ ಲೆಕ್ಕ ನೋಡುತ್ತಿದ್ದೆ. ಮದುವೆಯೊಂದರ ಬಿಲ್ಲು 21,550 ರೂಪಾಯಿ, ಮೊದಲೇ ಬಂದ ಮುಂಗಡ 25,000. ಬಿಲ್ಲಿನಿಂದ ಮುಂಗಡ ಕಳೆದೆ. ಬಿಸಿಲಿಗೆ ಮಬ್ಬಾದ ತೆರೆಯ ಮೇಲೆ 3,450 ಕಂಡಿತು. ಎಡ ತುದಿಯ ಗೀಟು ಕಾಣಲಿಲ್ಲ. "ಇನ್ನೂ 3,450 ಬರಬೇಕು" ಎಂದು ಮದುಮಗಳ ತಂದೆಗೆ ಫೋನ್ ಮಾಡಿಸಿದೆ. ಆ ಮನುಷ್ಯ ಬಹಳ ಶಾಂತವಾಗಿ, "ಕೊಡಬೇಕಾದವರು ನೀವಲ್ಲವೇ?" ಎಂದು ಕೇಳಿದರು. ಅಂದಿನಿಂದ ಉತ್ತರ ಬಂದ ಕೂಡಲೇ ಮೊದಲು ಎಡ ತುದಿ ನೋಡುತ್ತೇನೆ, ಆಮೇಲೆ ಅಂಕಿ.

ಸೈಂಟಿಫಿಕ್ ಕ್ಯಾಲ್ಕುಲೇಟರಿನಲ್ಲಿ (−) ಬದಲು − ಒತ್ತಿದರೂ ಸರಿಯಾದ ಉತ್ತರವೇ ಬರುತ್ತದಲ್ಲ?

ಕ್ಯಾಸಿಯೊ ಎಫ್‌ಎಕ್ಸ್-82ಎಂಎಸ್, 991ಇಎಸ್ ಮುಂತಾದವು ಉದಾರಿಗಳು. 6 × − 4 ಎಂದು ಯಾವ ಮೈನಸ್ ಒತ್ತಿದರೂ −24 ಎನ್ನುತ್ತವೆ. ಇವುಗಳಲ್ಲಿ ಚಿಹ್ನೆ ಮೊದಲು, ಅಂಕಿ ಆಮೇಲೆ. ಕಾಗದದ ಮೇಲೆ ಬರೆದ ಹಾಗೆಯೇ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಐ-84 ಅಷ್ಟು ಉದಾರಿಯಲ್ಲ. ಅಲ್ಲಿ ವಜಾ ಗುಂಡಿಯನ್ನು ಉಣೆ ಜಾಗದಲ್ಲಿ ಒತ್ತಿದರೆ ಸಿಂಟ್ಯಾಕ್ಸ್ ಎರರ್ ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತದೆ. ವಿದೇಶದಲ್ಲಿ ಓದುವ ಅಣ್ಣ ಅಕ್ಕಂದಿರ ಹಳೆಯ ಟಿಐ ಯಂತ್ರ ಸಿಕ್ಕವರು ಇದನ್ನು ನೆನಪಿಡಿ.

ಆದರೆ ಉದಾರಿ ಕ್ಯಾಸಿಯೊ ಕೂಡ ಒಂದು ಕಡೆ ಮೋಸ ಹೋಗುತ್ತದೆ. ಒಂದು ಲೆಕ್ಕ ಮುಗಿದು ತೆರೆಯ ಮೇಲೆ ಉತ್ತರ, 40 ಎಂದಿಟ್ಟುಕೊಳ್ಳಿ, ಉಳಿದಿದೆ. ನೀವು ಹೊಸ ಲೆಕ್ಕವನ್ನು −7 ಎಂದು ಆರಂಭಿಸಲು − ಒತ್ತಿದಿರಿ. ಯಂತ್ರ ಅದನ್ನು "ಹಿಂದಿನ ಉತ್ತರದಿಂದ ಕಳೆ" ಎಂದು ತಿಳಿದು ಆನ್ಸ್− ಎಂದು ಬರೆದುಕೊಳ್ಳುತ್ತದೆ. −7 + 2 ಎಂದರೆ −5 ಬರಬೇಕಾದಲ್ಲಿ 35 ಬರುತ್ತದೆ. (−) ಒತ್ತಿದ್ದರೆ ಈ ತೊಂದರೆ ಇರಲಿಲ್ಲ, ಏಕೆಂದರೆ ಅದಕ್ಕೆ ಎಡಗಡೆಯ ಸಂಖ್ಯೆಯ ಹಂಗಿಲ್ಲ. ಪ್ರತಿ ಲೆಕ್ಕಕ್ಕೂ ಮೊದಲು ಎಸಿ (ಹಿಂದಿನದನ್ನೆಲ್ಲ ಅಳಿಸುವ ಗುಂಡಿ) ಒತ್ತುವ ಅಭ್ಯಾಸವಿದ್ದವರೂ ಪಾರಾಗುತ್ತಾರೆ.

−5ರ ವರ್ಗ ಮಾಡಿದರೆ ಒಂದು ಯಂತ್ರ 25 ಎನ್ನುತ್ತದೆ, ಇನ್ನೊಂದು −25 ಎನ್ನುತ್ತದೆ. ಯಾವುದು ಕೆಟ್ಟಿದೆ?

ಎರಡೂ ಕೆಟ್ಟಿಲ್ಲ. ಇದು ನನಗೆ ಬಹಳ ಇಷ್ಟದ ಪ್ರಶ್ನೆ, ಸ್ವಲ್ಪ ಹೊತ್ತು ಕುಳಿತುಕೊಳ್ಳಿ.

ಅಂಕಿಯ ಬಳಿಕ +/− ಒತ್ತುವ ಹಳೆಯ ಬಗೆಯ ಸೈಂಟಿಫಿಕ್ ಇದೆಯಲ್ಲ, ಕ್ಯಾಸಿಯೊ ಎಫ್‌ಎಕ್ಸ್-260 ಸೋಲಾರ್ ಥರದ್ದು, ಅದರಲ್ಲಿ 5, +/− ಒತ್ತಿದ ಕ್ಷಣವೇ ತೆರೆಯ ಮೇಲಿರುವ ಸಂಖ್ಯೆ −5 ಆಗಿಬಿಟ್ಟಿದೆ. ವರ್ಗದ ಗುಂಡಿ ಒತ್ತಿದರೆ ಆ −5ರ ವರ್ಗ, ಅಂದರೆ 25.

ಎಫ್‌ಎಕ್ಸ್-82ಎಂಎಸ್ ಹಾಗಲ್ಲ. ನೀವು ಬರೆದ ಇಡೀ ಸಾಲನ್ನು = ಒತ್ತುವವರೆಗೆ ಕಾದಿಟ್ಟುಕೊಂಡು, ಆಮೇಲೆ ನಿಯಮದ ಪ್ರಕಾರ ಓದುತ್ತದೆ. ನಿಯಮವೇನೆಂದರೆ ಘಾತಕ್ಕೆ ಮೊದಲ ಮಣೆ, ಋಣ ಚಿಹ್ನೆಗೆ ಆಮೇಲೆ. ಆದ್ದರಿಂದ −5² ಎಂದರೆ ಮೊದಲು 5ರ ವರ್ಗ 25, ಅದಕ್ಕೆ ಮೈನಸ್, −25. ಗಣಿತದ ಬರಹದ ರೂಢಿಯೂ ಇದೇ. ನಿಮಗೆ −5 ಎಂಬ ಸಂಖ್ಯೆಯ ವರ್ಗ ಬೇಕಿದ್ದರೆ (−5)² ಎಂದು ಆವರಣ ಹಾಕಲೇಬೇಕು.

ಇದು ಬರೀ ತಾತ್ವಿಕ ಚರ್ಚೆಯಲ್ಲ. ಸಹಗುಣಕಗಳು 1, −6, 5 ಇರುವ ವರ್ಗ ಸಮೀಕರಣ ತೆಗೆದುಕೊಳ್ಳಿ. ಶೋಧಕ (ಮೂಲಗಳ ಸೂತ್ರದಲ್ಲಿ ವರ್ಗಮೂಲದೊಳಗೆ ಬರುವ ಸಂಖ್ಯೆ) ಕಂಡುಹಿಡಿಯಲು −6ರ ವರ್ಗದಿಂದ 4 × 1 × 5 ಕಳೆಯಬೇಕು. ಆವರಣ ಹಾಕಿದವರಿಗೆ 36 − 20 = 16, ಮೂಲಗಳು 5 ಮತ್ತು 1. ಹಾಕದವರಿಗೆ −36 − 20 = −56, ಅದರ ವರ್ಗಮೂಲ ಕೇಳಿದರೆ ಯಂತ್ರ ಮ್ಯಾತ್ ಎರರ್ ಎನ್ನುತ್ತದೆ. ಹುಡುಗರು "ಈ ಸಮೀಕರಣಕ್ಕೆ ವಾಸ್ತವ ಮೂಲಗಳಿಲ್ಲ" ಎಂದು ಧೈರ್ಯವಾಗಿ ಬರೆದು ಬರುತ್ತಾರೆ! ಆವರಣ ಮರೆಯುವವರಿಗೆ ಇನ್ನೊಂದು ದಾರಿ: −6 ಅನ್ನು ಎ ಎಂಬ ಮೆಮೊರಿಯಲ್ಲಿಟ್ಟು ಎಯ ವರ್ಗ ಕೇಳಿ. ಅಲ್ಲಿ ಚಿಹ್ನೆ ಸಂಖ್ಯೆಗೆ ಅಂಟಿಕೊಂಡೇ ಇರುವುದರಿಂದ 36 ಬರುತ್ತದೆ.

ಕಡೆಗೆ ಒಂದು ಕಿಡಿಗೇಡಿ ಮಾಹಿತಿ. ಎಕ್ಸೆಲ್‌ನಲ್ಲಿ =−5^2 ಎಂದು ಬರೆದರೆ 25 ಬರುತ್ತದೆ. ಅಲ್ಲಿ ಋಣ ಚಿಹ್ನೆಗೇ ಮೊದಲ ಮಣೆ. ಆದರೆ =0−5^2 ಎಂದರೆ −25, ಏಕೆಂದರೆ ಅಲ್ಲಿಯ ಗೀಟು ವಜಾ, ಉಣೆ ಅಲ್ಲ. ಅನುಮಾನವಿದ್ದಾಗ ಆವರಣ ಹಾಕಿ. ಆವರಣಕ್ಕೆ ಯಾರೂ ಜಿಎಸ್‌ಟಿ ವಿಧಿಸಿಲ್ಲ.

ಋಣ ಸಂಖ್ಯೆಯ ವರ್ಗಮೂಲಕ್ಕೆ ಯಂತ್ರ ಏಕೆ ಮುನಿಸಿಕೊಳ್ಳುತ್ತದೆ?

ಧನದ ವರ್ಗವೂ ಧನ, ಋಣದ ವರ್ಗವೂ ಧನ. ಹಾಗಿರುವಾಗ ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಅದಕ್ಕೆ ವರ್ಗಮೂಲವೂ ಇಲ್ಲ. ಈ ವಾದ ನಮ್ಮವನದೇ: ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹದಲ್ಲಿ ಹೇಳಿದ್ದು. ಮ್ಯಾತ್ ಎರರ್ ಬಂದಾಗಲೆಲ್ಲ ಅಮೋಘವರ್ಷನ ರಾಜಧಾನಿ ಮಾನ್ಯಖೇಟದಿಂದ ಒಂದು ಸಂದೇಶ ಬಂದಿತೆಂದು ತಿಳಿಯಿರಿ. 991ಇಎಸ್‌ನಲ್ಲಿ ಸಂಕೀರ್ಣ ಸಂಖ್ಯೆಗಳ ಮೋಡ್‌ಗೆ ಹೋದರೆ ಉತ್ತರ ಸಿಗುತ್ತದೆ, ಆದರೆ ಅದು ಎಂಜಿನಿಯರಿಂಗ್ ಮಕ್ಕಳ ಪಾಡು.

ಘಾತಾಂಕ ಋಣವಾಗಿದ್ದರೆ?

ಸೈಂಟಿಫಿಕ್‌ನಲ್ಲಿ ಇಎಕ್ಸ್‌ಪಿ ಅಥವಾ ×10ರ ಗುಂಡಿ ಒತ್ತಿದ ಬಳಿಕ (−), ಆಮೇಲೆ ಅಂಕಿ. ಎಲೆಕ್ಟ್ರಾನಿನ ವಿದ್ಯುದಂಶದ ಪ್ರಮಾಣಕ್ಕೆ 1.6, ಇಎಕ್ಸ್‌ಪಿ, (−), 19. ಹಳೆಯ ಬಗೆಯದಾದರೆ 19ರ ನಂತರ +/−.

ಫೈನಾನ್ಸ್ ಕ್ಯಾಲ್ಕುಲೇಟರ್ ಪದೇ ಪದೇ ಎರರ್ 5 ತೋರಿಸುತ್ತದೆ. ರಿಪೇರಿಗೆ ಕೊಡಲೇ?

ದಯವಿಟ್ಟು ಬೇಡ. ಹೂಡಿಕೆ ವಿಶ್ಲೇಷಕರ ಸಿಎಫ್ಎ ಪರೀಕ್ಷೆಗೆ ಎರಡೇ ಬಗೆಯ ಕ್ಯಾಲ್ಕುಲೇಟರಿಗೆ ಅನುಮತಿ: ಎಚ್‌ಪಿ 12ಸಿ ಮತ್ತು ಟೆಕ್ಸಸ್‌ನ ಬಿಎ 2 ಪ್ಲಸ್. ಮೊದಲನೆಯದು 1981ರಲ್ಲಿ ಬಂದು ಇಂದಿಗೂ ಮಾರಾಟವಾಗುತ್ತಿರುವ ಮುದುಕ. ಅದರಲ್ಲಿ ಚಿಹ್ನೆ ಬದಲಿಸುವ ಗುಂಡಿಯ ಹೆಸರು ಸಿಎಚ್‌ಎಸ್, ಎರಡನೆಯದರಲ್ಲಿ +/−. ಎರಡರಲ್ಲೂ ಅಂಕಿ ಮೊದಲು, ಚಿಹ್ನೆ ಆಮೇಲೆ.

ಎರರ್ 5 ಬರುವುದು ಸಾಮಾನ್ಯವಾಗಿ ಹಣ ಎಲ್ಲಿಂದ ಎಲ್ಲಿಗೆ ಹೋಯಿತೆಂದು ನೀವು ಹೇಳದೆ ಇದ್ದಾಗ. 10,000 ರೂಪಾಯಿ ಠೇವಣಿಯಿಟ್ಟಿರಿ, 5 ವರ್ಷದ ಮೇಲೆ 14,693.28 ಸಿಕ್ಕಿತು, ಬಡ್ಡಿ ದರವೆಷ್ಟು? ಎರಡು ಮೊತ್ತಗಳನ್ನೂ ಧನವಾಗಿಯೇ ಕೊಟ್ಟರೆ ಯಂತ್ರಕ್ಕೆ ತಲೆಕೆಡುತ್ತದೆ. ಇಂದೂ ಹಣ ಬಂತು, 5 ವರ್ಷದ ಮೇಲೂ ಬಂತು. ಕೊಟ್ಟವರು ಯಾರು, ಬಡ್ಡಿ ಯಾವುದಕ್ಕೆ? ಇಂಥ ವ್ಯವಹಾರ ನಮ್ಮ ಮಸ್ಜಿದ್ ಬಂದರಿನ ಯಾವ ಪೇಢಿಯಲ್ಲೂ ನಡೆದಿಲ್ಲ. ಜೇಬಿನಿಂದ ಹೋದ 10,000ಕ್ಕೆ ಋಣ ಚಿಹ್ನೆ ಹಾಕಿ, ಬಂದ ಮೊತ್ತವನ್ನು ಧನವಾಗಿ ಕೊಡಿ. ಶೇಕಡಾ 8 ಎಂಬ ಉತ್ತರ ಬರುತ್ತದೆ. ಜಮೆ ಒಂದು ಕಡೆ, "ನಾವೆ" (ಖರ್ಚು) ಇನ್ನೊಂದು ಕಡೆ ಎಂಬ ಹಳೆಯ ಖಾತೆ ಪುಸ್ತಕದ ಬುದ್ಧಿಯೇ ಇದು.

ಎಕ್ಸೆಲ್‌ನಲ್ಲಿ ಇಎಂಐ ಲೆಕ್ಕ ಹಾಕಿದರೆ ಮೈನಸ್ ಬರುತ್ತದೆ, ಕೆಂಪಗೂ ಇರುತ್ತದೆ. ಬ್ಯಾಂಕಿನವರು ನನಗೇ ಕೊಡುತ್ತಾರೆಯೇ?

ಅಷ್ಟು ಪುಣ್ಯ ಯಾರಿಗಿದೆ! ಇದೂ ಮೇಲಿನ ಕಥೆಯೇ. ಒಂದು ಲಕ್ಷ ಸಾಲ, ತಿಂಗಳಿಗೆ ಶೇಕಡಾ 1, 12 ಕಂತು. ಕಂತಿನ ಲೆಕ್ಕ ಹಾಕುವ ಪಿಎಂಟಿ ಸೂತ್ರ −8,884.88 ಎನ್ನುತ್ತದೆ. ಸಾಲ ನಿಮಗೆ ಬಂದದ್ದರಿಂದ ಧನ, ಕಂತು ನಿಮ್ಮಿಂದ ಹೋಗುವುದರಿಂದ ಋಣ. ಚಿಹ್ನೆ ಕಣ್ಣಿಗೆ ಚುಚ್ಚುತ್ತಿದ್ದರೆ ಸೂತ್ರದಲ್ಲಿ ಸಾಲದ ಮೊತ್ತದ ಮುಂದೆ ಮೈನಸ್ ಹಾಕಿ.

ಲೆಕ್ಕಿಗರು ಋಣ ಮೊತ್ತವನ್ನು ಆವರಣದಲ್ಲಿ ಬರೆಯುವುದು ಎಕ್ಸೆಲ್‌ಗೂ ಗೊತ್ತು. ಕೋಶದಲ್ಲಿ (500) ಎಂದು ಟೈಪ್ ಮಾಡಿದರೆ ಅದು −500 ಎಂದೇ ಸ್ವೀಕರಿಸುತ್ತದೆ.

ಮೊಬೈಲಿನಲ್ಲಿ?

ಫೋನಿಗೊಂದು ಪದ್ಧತಿ. ಐಫೋನಿನಲ್ಲಿ ಮೇಲಿನ ಸಾಲಿನಲ್ಲಿ +/− ಇದೆ, ಅಂಕಿ ಬರೆದು ಒತ್ತಿ. ಗೂಗಲ್‌ನ ಆಂಡ್ರಾಯ್ಡ್ ಕ್ಯಾಲ್ಕುಲೇಟರಿನಲ್ಲಿ ಅಂಥ ಗುಂಡಿಯಿಲ್ಲ, ಬೇಕಾಗಿಯೂ ಇಲ್ಲ: 6 × − 4 ಎಂದು ನೇರವಾಗಿ ಬರೆದರೆ ಅರ್ಥಮಾಡಿಕೊಳ್ಳುತ್ತದೆ. ಸ್ಯಾಮ್‌ಸಂಗ್‌ನದರಲ್ಲಿ +/− ಒತ್ತಿದರೆ ಗೀಟಿನ ಜೊತೆಗೆ ಒಂದು ತೆರೆದ ಆವರಣವೂ ಮೂಡುತ್ತದೆ. ಗಾಬರಿಯಾಗಬೇಡಿ, ಅದು ನಿಮ್ಮ ಒಳ್ಳೆಯದಕ್ಕೇ.

ವಿಂಡೋಸ್ ಕಂಪ್ಯೂಟರಿನ ಕ್ಯಾಲ್ಕುಲೇಟರಿನಲ್ಲಿ +/− ಕೆಳಗಿನ ಎಡ ಮೂಲೆಯಲ್ಲಿದೆ, ಕೀಲಿಮಣೆಯಲ್ಲಿ ಎಫ್9 ಅದರ ಅಡ್ಡದಾರಿ.

ಕಾಗದದ ಸುರುಳಿ ಇರುವ ಪ್ರಿಂಟಿಂಗ್ ಕ್ಯಾಲ್ಕುಲೇಟರಿನಲ್ಲಿ ಮೈನಸ್ ಒತ್ತಿದರೆ ಉತ್ತರವೇ ತಲೆಕೆಳಗಾಗುತ್ತದೆ.

ಅದು ಕೂಡುವ ಯಂತ್ರದ ವಂಶದ್ದು, ಅಲ್ಲಿಯ ವ್ಯಾಕರಣವೇ ಬೇರೆ. ಪ್ರತಿ ಅಂಕಿಯ ನಂತರ ಅದು ಜಮೆಯೋ ಖರ್ಚೋ ಎಂದು ಹೇಳಬೇಕು. 25,000 ಒತ್ತಿ +, 21,550 ಒತ್ತಿ −, ಕೊನೆಗೆ ಒಟ್ಟು ಮೊತ್ತದ ಗುಂಡಿ. ನಾವು ಶಾಲೆಯಲ್ಲಿ ಕಲಿತಂತೆ 25,000, −, 21,550 ಎಂದು ಒತ್ತಿದರೆ ಮೈನಸ್ ಹೋಗಿ 25,000ಕ್ಕೆ ಅಂಟಿಕೊಳ್ಳುತ್ತದೆ. ಎರಡು ಬಣ್ಣದ ರಿಬ್ಬನ್ ಇದ್ದರೆ ಋಣ ಮೊತ್ತಗಳು ಕೆಂಪಾಗಿ ಅಚ್ಚಾಗುತ್ತವೆ. ನನ್ನ ಮಬ್ಬು ತೆರೆಯ ಪ್ರಸಂಗದ ದಿನ ಇಂಥದೊಂದಿದ್ದರೆ ಮಾನ ಉಳಿಯುತ್ತಿತ್ತು.

ಹೋಟೆಲಿನ ಫ್ರೀಜರ್ −18 ಡಿಗ್ರಿ ಸೆಲ್ಸಿಯಸ್. ಹಳೆಯ ಥರ್ಮಾಮೀಟರ್ ಫ್ಯಾರನ್‌ಹೀಟ್‌ನದು. ಸಾದಾ ಯಂತ್ರದಲ್ಲಿ ಬದಲಾಯಿಸಬಹುದೇ?

ಧಾರಾಳವಾಗಿ. ಎಸಿ ಒತ್ತಿ, ಬಳಿಕ −, 18, ×, 9, ÷, 5, +, 32, =. ಉತ್ತರ −0.4, ಅಂದರೆ ಸೊನ್ನೆಗಿಂತ ಕೂದಲೆಳೆ ಕೆಳಗೆ. ಋಣ ಸಂಖ್ಯೆ ಮೊದಲಲ್ಲೇ ಇರುವುದರಿಂದ +/− ಬೇಕಾಗಲಿಲ್ಲ.

ಫೋನಿನಲ್ಲಿ −0 ಎಂದು ಬಂದಿದೆ. ಹಾಗೆಂದರೇನು?

ಸೊನ್ನೆ. ನೀವು ಅಂಕಿಗಿಂತ ಮೊದಲೇ +/− ಒತ್ತಿದ್ದೀರಿ, ಅಷ್ಟೇ.

ಹೊಸದು ಕೊಳ್ಳುವಾಗ ಅದು ಯಾವ ಬಗೆಯದೆಂದು ಅಂಗಡಿಯಲ್ಲೇ ತಿಳಿಯುವುದು ಹೇಗೆ?

ಮುಂಬಯಿಯ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಎಲೆಕ್ಟ್ರಾನಿಕ್ ಅಂಗಡಿಗಳ ಲ್ಯಾಮಿಂಗ್ಟನ್ ರಸ್ತೆಗೆ ನಡೆಯಿರಿ. ಒಮ್ಮೆ ಅಲ್ಲಿಯ ಅಂಗಡಿಯೊಂದರಲ್ಲಿ "ಎಲ್ಲಾ ಇದೆ" ಎಂಬ ಮಾತು ನಂಬಿ ತಂದ ಯಂತ್ರದಲ್ಲಿ +/− ಇರಲಿಲ್ಲ, ವಾಪಸು ಪಡೆಯಲು ಅವರು ಒಪ್ಪಲೂ ಇಲ್ಲ. ಆದ್ದರಿಂದ ದುಡ್ಡು ಕೊಡುವ ಮುನ್ನವೇ ಡಬ್ಬಿ ತೆರೆಸಿ. ಸಾದಾ ಯಂತ್ರವಾದರೆ 6, ×, 4, +/−, = ಒತ್ತಿ −24 ಬರಬೇಕು, ಜೊತೆಗೆ ಆ ಗೀಟು ನಿಮ್ಮ ಕಣ್ಣಿಗೆ ಸುಲಭವಾಗಿ ಕಾಣಬೇಕು. ಸೈಂಟಿಫಿಕ್ ಆದರೆ (−), 5, ವರ್ಗ, = ಒತ್ತಿ. −25 ಬಂದರೆ ಅದು ಸಾಲನ್ನು ಇಡಿಯಾಗಿ ಓದುವ ಯಂತ್ರ, ಆವರಣ ಬೇಡುತ್ತದೆ. (−) ಗುಂಡಿಯ ಬದಲು +/− ಇದ್ದರೆ 5, +/−, ವರ್ಗ ಒತ್ತಿ, 25 ಬರುತ್ತದೆ. ಹಿಂದೆ ಸಾಲು ನಿಂತಿದ್ದರೂ, ಅಂಗಡಿಯ ಹುಡುಗ "ಕಾಕಾ, ಜಲ್ದಿ" ಎಂದರೂ, ಒತ್ತಿಯೇ ನೋಡಿ.